ನಮೂನಿ

ಬುಡನಸಾಬ ನದಾಫ ಮಾಲು ಯಾವೂರದು ಅಂತ ಕೇಳತಿರಲಿಲ್ಲ.
ಚೀಲದ ಹೊಟ್ಟಿಗೆ ಕೈ ತುರುಕಿ, ಮ್ಯಾಲಿಂದಲ್ಲ, ನಡುವಿಂದು,
ಒಂದು ಹಿಡಿ ತಗದು
ಕಾಳಿನಿಂದ ಎಳಿ ಬಿಡಿಸಿ
ಎರಡೂ ಹೆಬ್ಬಟ್ಟಿನಾಗ ಹಿಡದು ಜಗ್ಗತಿದ್ದ.
ಹರದದ್ದನ್ನ ಹರದದ್ದರ ಮ್ಯಾಲಿಟ್ಟು ಮತ್ತ ಜಗ್ಗತಿದ್ದ
ಗಿಡ್ಡಂದು ಉದುರಿ ಉದ್ದಂದು ಉಳಿಯೂತನಕ.
ಆಮ್ಯಾಲೆ ತನ್ನ ಕರೀ ಕೋಟಿನ ತೋಳಿಗೆ ಅದನ್ನ ಹಾಸಿ
"ಬರಕೋ" ಅಂತಿದ್ದ.

ನಾ ಬರಕೊಂತಿದ್ದೆ.
ಗದಗಿನ ಅಡತಿ ಅಂಗಡ್ಯಾಗ ನನಗಾಗ ಹತ್ತೊಂಬತ್ತು.
ಪೆನ್ನಿನ ಮೂತಿಗೆ ಸದಾ ಒಂದು ಎಳಿ ಸಿಕ್ಕೊಂಡಿರತಿತ್ತು,
ಹಂಗಾಗಿ ನನ್ನ ಅಂಕಿಗೆಲ್ಲ ಬಾಲ.

"ರೋಣದ ಎರಿ. ಜಯಧರ.
ಉತ್ತರಿ ಮಳಿಗೆ ಬಿತ್ಯಾರ, ಹಸ್ತ ಒಂದ ಸಲ ಬಂದು ಹೋಗೈತಿ,
ಮುಂದೆಲ್ಲ ಇಬ್ಬನಿ ಕುಡದು ಬೆಳದದ್ದು.
ಗಿಡ್ಡ ಐತಿ ಖರೆ, ಮೈಗಳ್ಳ ಅಲ್ಲ."

"ಇದು ನರಗುಂದದ ಕಡೀದು. ಕಾಲುವಿ ನೀರು.
ಮೀಸಿ ಬರೂದರಾಗ ಉದ್ದಾದ ಹುಡುಗನಂಗ,
ಎಲುವಿನ್ಯಾಗ ಇನ್ನೂ ಜೀವಿಲ್ಲ."

ಕುಂದಗೋಳದ್ದು ಬಂದ್ರ ಮೊದಲ ಸೀನತಿದ್ದ.
ಹತ್ತಿ ಸಾಲಿನ ನಡುವ ಮೆಣಸಿನಗಿಡ ಹಚ್ಚೋ ಸೀಮಿ ಅದು.
ಮೂರು ಸೀನು ಬಂದ್ರ ಆ ವರ್ಷ ಅಲ್ಲಿ ಕಾಯಿ ಚಲೋ ಕೆಂಪಾಗೈತಿ,
ಒಂದ ಬಂದ್ರ ಮುಟುರು ಹತ್ತೈತಿ.
"ಅದನ್ನೂ ಬರಕೋ" ಅಂತಿದ್ದ. ನಾ ಬರೀಲಿಲ್ಲ,
ಸೀನಿಗೆ ನಮ್ಮಲ್ಲಿ ಖಾತೆ ಇರಲಿಲ್ಲ.

ಕಲಘಟಗಿ ಕಡಿಂದ ಒಮ್ಮೆ ಒಬ್ಬಾವ ಹಟಕ್ಕ ಬಿದ್ದು ಬೆಳದು ತಂದ.
ಕಾಯಿ ಬಾಯಿ ಬಿಡೂದರಾಗ ಮಳಿ ಹೊಕ್ಕು
ಬೂದಿ ಬಣ್ಣಾದ ಅರಳಿ.
ಬುಡನಸಾಬ ಬೈಲಿಲ್ಲ.
"ತಮ್ಮಾ, ಹತ್ತಿಗೆ ಕಾಲು ತಂಪಿರಬೇಕು, ತಲಿ ಬಿಸಿಲಿನ್ಯಾಗಿರಬೇಕು.
ನಿಮ್ಮಲ್ಲಿ ಎರಡೂ ತೊಯ್ತಾವು. ಭತ್ತಾ ಹಾಕು."

ಇಂಥಾ ಮನಷ್ಯಾ
ಒಂದ ಮುಂಜಾನೆ ಡೋಣಿಯ ಫಕ್ಕೀರವ್ವನ ಚೀಲದ ಮುಂದ
ಜಗ್ಗಿದ. ಮತ್ತ ಜಗ್ಗಿದ.
ತೋಳಿಗೆ ಹಾಸಿ ನೋಡಿ ಕೊಡವಿದ.
"ಬೆರಕಿ" ಅಂದ. "ಎರಡು ಹೊಲದ ಮಾಲು."

ಅಡತ್ಯಾಗ ಅಷ್ಟ ಸಾಕಾತು, ರೇಟು ಇಳಸಾಕ ಬಾಯಿ ತಗದ.

ಆಕಿ ಚೀಲದ ಬಾಯಿ ಮುಚ್ಚಲಿಲ್ಲ.
"ಹೊಲ ಒಂದರೀ. ಬೀಜಾನೂ ಒಂದ.
ಮ್ಯಾಲಿನರ್ಧ ಮಸಾರಿ, ಕೆಳಗಿನರ್ಧ ಎರಿ.
ಗುಡ್ಡದ ಕೆಂಪು ಇಳದು ಬಂದು ಅಲ್ಲಿಗೆ ನಿಂತೈತಿ.
ಮ್ಯಾಲಿಂದು ಎಂಟ ದಿನ ಮಳಿ ತಪ್ಪಿದ್ರ ಬಾಡತೈತಿ,
ಸಂಕ್ರಮಣಕ್ಕ ಒಡದು ಬಿಡತೈತಿ ಅವಸರಕ್ಕ.
ಕೆಳಗಿಂದಕ್ಕ ಶಿವರಾತ್ರಿ ಬರಬೇಕು."

"ಹಂಗಾರ ಚೀಲ ಬ್ಯಾರೆ ಮಾಡಬೇಕಿತ್ತು."

"ಸಾಲು ಮ್ಯಾಲಿಂದ ಕೆಳಗ ಹೋಗತಾವು.
ನಾ ಸಾಲು ಹಿಡದು ಬಿಡಿಸಕೋಂತ ಹೊಂಟ್ರ
ನನ್ನ ಉಡಿ ಒಂದ ಐತಲ್ಲರೀ."

ಬುಡನಸಾಬ ಕೋಟಿನ ಮ್ಯಾಲಿನ ಅರಳಿ ಒರಸಿಕೊಂಡ.
"ಮಣ್ಣು ತಿರಗೂದು ಎಲ್ಲಿ, ಹೆಂಗ ಗೊತ್ತಾಗತೈತಿ?"

"ಕಾಲಿಗೆ. ಮ್ಯಾಲೆ ಕಲ್ಲು ಒತ್ತತಾವು,
ಕೆಳಗ ಬಿರಕಿನ್ಯಾಗ ಬೆರಳು ಸಿಗತಾವು.
ನಡುವ ಒಂದ ನಾಕ ಹೆಜ್ಜಿ
ಏನೂ ಗೊತ್ತಾಗೂದಿಲ್ಲ."

ನಲವತ್ತು ವರ್ಷ ನಿಂತ ಮಾಲು ನೋಡಿದಾವ
ಆವತ್ತ ಕುಂತ.
ಆಕಿ ಚೀಲದ ಬಾಜೂಕ, ನೆಲದ ಮ್ಯಾಲೆ, ಕೋಟು ಹೊಲಸಾಗಲಿ ಅಂತ.
ಹಿಡಿ ತಗದ, ಜಗ್ಗಿದ, ಬದಿಗಿಟ್ಟ, ಮತ್ತೊಂದು ಹಿಡಿ.
ಹಿಂದ ಎತ್ತಿನ ಬಂಡಿ, ಟ್ರ್ಯಾಕ್ಟರು, ಹಮಾಲರ ಗದ್ದಲ.
"ಆ ನಾಕ ಹೆಜ್ಜೀದು ಇದರಾಗ ಯಾವುದವ್ವಾ?"
"ನನಗೇನ ಗೊತ್ತರೀ. ಹುಡುಕರಿ."

ನಾ ಪೆನ್ನು ಹಿಡದು ನಿಂತಿದ್ದೆ.
"ಕಾಕಾ, ಏನಂತ ಬರಕೊಳ್ಳಿ?"
ಅವ ತಲಿ ಎತ್ತಲಿಲ್ಲ.

ಆಕಿಗೆ ರೇಟು ಎಷ್ಟು ಸಿಕ್ಕಿತು ಅನ್ನೂದು ನೆನಪಿಲ್ಲ,
ಪುಸ್ತಕದಾಗ ಇರಬೇಕು.
ಅಂಗಡಿ ಮುಚ್ಚಿದಾಗ ಆ ಪುಸ್ತಕ ನಾ ತಂದಿಟ್ಟುಕೊಂಡೀನಿ.
ಫಕ್ಕೀರವ್ವನ ಸಾಲಿನ ಮ್ಯಾಲೆ
ಮಸಿ ಆರೂ ಮೊದಲ ಅಂಟಿದ್ದ ಒಂದು ಎಳಿ ಇನ್ನೂ ಐತಿ.
ಚಾಳೀಸು ಹಾಕ್ಕೊಂಡು ನೋಡತೀನಿ.
ಗಿಡ್ಡೋ, ಉದ್ದೋ,
ಜಗ್ಗಿದ್ರ ತಿಳೀತೈತಿ.
ಜಗ್ಗಾಕ ಕೈ ಬರವೊಲ್ಲದು.